ನಾಲ್ಕನೇ ಜ್ವರದ ತಂತಿ

ಸಾವಿರದ ಒಂಬೈನೂರ ಐವತ್ತಾರನೇ ಇಸವೀಲಿ ನಾನು ಅಂಬಾಜಿದುರ್ಗದ ಬುಡದಲ್ಲಿದ್ದ ದೊರೆ ಬಂಗಲೆಗೆ ಕಾವಲಿನವಳಾಗಿ ಸೇರಿದೆ. ಸೇರಿದೆ ಅನ್ನೋದಕ್ಕಿಂತ ಉಳಿದೆ ಅನ್ನಬೇಕು. ಮೊದಲು ಅಲ್ಲಿ ಕಾವಲಿದ್ದೋರು ನನ್ನ ಯಜಮಾನರು. ಅವರು ತೀರಿಕೊಂಡ ಮೇಲೆ ದೊರೆಸಾನಿ ಬೀಗದ ಕೈ ಗೊಂಚಲನ್ನ ನನ್ನ ಕೈಗೇ ಕೊಟ್ಟು, "ಗೌರಮ್ಮ, ನೀನೇ ಇರು" ಅಂತ ತಮ್ಮ ಹರಕು ಕನ್ನಡದಲ್ಲಿ ಅಂದರು. ಹದಿನಾಲ್ಕು ಬೀಗದ ಕೈ. ನನಗಾಗ ಇಪ್ಪತ್ತನಾಲ್ಕು ವರ್ಷ, ಸೊಂಟದಲ್ಲಿ ಎರಡು ವರ್ಷದ ಮಗಳು. ಆ ಮಗಳ ಮಗಳು ಈಗ ಶಿಡ್ಲಘಟ್ಟದಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದಾಳೆ! ಆರ್ಡರು ಬಂದು ನಾಲ್ಕು ದಿನ ಆಯ್ತು, ನನಗೆ ಇನ್ನೂ ಕಾಲು ನೆಲಕ್ಕೆ ತಾಕಿಲ್ಲ. ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದಾಯ್ತು. ಹಂಚಿದ ಮನೆಗೇ ಎರಡನೇ ಸಲ ಹೋಗಿ ಹಂಚಿದೆ ಅಂತ ಮಗಳ ಕೈಲಿ ಬೈಸಿಕೊಂಡಿದ್ದೂ ಆಯ್ತು. ಈ ಸಂತೋಷದಲ್ಲೇ ನನ್ನ ಕೆಲಸದ ಕಾಲದ ಒಂದು ಸಂಗತಿ ಬರೆಯೋಣ ಅಂತ ಕೂತಿದ್ದೀನಿ. ಅದೂ ಪೋಸ್ಟಾಫೀಸಲ್ಲೇ ಶುರುವಾದ ಸಂಗತಿ. ಒಬ್ಬನಿಗೆ ನಾನು ಸರಿಯಾಗಿ ಮಾಡಿದ ಸಂಗತಿ.

ದೊರೆ ಇಂಗ್ಲೆಂಡಿನವರು. ಬಹಳ ವರ್ಷ ಈ ಕಡೆ ಕೆಲಸ ಮಾಡಿ, ರಿಟೈರ್ ಆಗಿ, ಅವರ ದೇಶಕ್ಕೆ ಹೋದರು. ಬಂಗಲೆ ಮಾತ್ರ ಮಾರಲಿಲ್ಲ. ಅಲ್ಲಿ ಚಳಿ ಜಾಸ್ತಿ ಆದಾಗ ಇಲ್ಲಿಗೆ ಬರೋದು, ಆರು ವಾರ ನಮ್ಮ ಬಿಸಿಲಲ್ಲಿ ಕೂರೋದು, ಮತ್ತೆ ಹಡಗು ಹತ್ತೋದು. ಪರದೇಶದಲ್ಲಿ ರಜಾ ಕಳೆಯೋಕೆ ಅಂತ ಒಂದು ಮನೆ. ಕೇಳೋಕೆ ಎಷ್ಟು ಚೆಂದ! ಉಳಿದ ನಲವತ್ತಾರು ವಾರ ಆ ಮನೆ ಏನು ಮಾಡುತ್ತೆ ಅನ್ನೋದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಬೀಗ ಹಾಕಿದರೆ ಮನೆ ಮಲಗಿಬಿಡುತ್ತೆ ಅಂದುಕೊಂಡಿದ್ದರು. ಎಲ್ಲಿ ಮಲಗುತ್ತೆ? ಕೋತಿಗಳು ಹೆಂಚು ಕೀಳ್ತವೆ, ಮಂಚದ ಕಾಲಿಗೆ ಗೆದ್ದಲು ಹತ್ತುತ್ತೆ, ಹಾಸಿಗೆ ಒಳಗೆ ಇಲಿ ಮರಿ ಹಾಕುತ್ತೆ. ಮಳೆಗಾಲದಲ್ಲಿ ಬಾಗಿಲು ಊದಿಕೊಂಡು ನಿಲ್ಲುತ್ತೆ, ಬೇಸಿಗೇಲಿ ಅದೇ ಬಾಗಿಲು ಬಿರಿಯುತ್ತೆ. ನಾನು ದಿನಾ ಹದಿನಾಲ್ಕೂ ಬೀಗ ತೆಗೆದು, ಗುಡಿಸಿ, ಗಾಳಿ ಆಡಿಸಿ, ಮತ್ತೆ ಹಾಕ್ತಿದ್ದೆ.

ಕಾಗದ ಪತ್ರ ನೋಡಿಕೊಳ್ಳೋಕೆ ಚಿಂತಾಮಣೀಲಿ ಒಬ್ಬ ಏಜೆಂಟ್ ಇದ್ದ, ಶಾಮಣ್ಣ ಅಂತ. ದೊರೆ ಅವನಿಗೆ ಮುಖ್ತಿಯಾರ್ ಪತ್ರ ಬರೆದುಕೊಟ್ಟಿದ್ದರು. ಹಾಗಂದರೆ ದೊರೆ ಇಲ್ಲದಾಗ ದೊರೆ ಪರವಾಗಿ ರುಜು ಹಾಕೋ ಅಧಿಕಾರ. ಕಂದಾಯ, ರಿಪೇರಿ ಎಲ್ಲ ಅವನದೇ. ಮನೇಲಿ ಏನಾಗ್ತಿದೆ ಅಂತ ದೊರೆಗೆ ಇಂಗ್ಲಿಷಲ್ಲಿ ಬರೆಯೋನೂ ಅವನೇ. ನಾನು ಕಣ್ಣಲ್ಲಿ ನೋಡ್ತಿದ್ದೆ, ಅವನು ಕೈಯಲ್ಲಿ ಬರೀತಿದ್ದ. ನಾನು ನೋಡಿದ್ದೇ ಒಂದು, ಅವನು ಬರೆದದ್ದೇ ಒಂದು.

ಐವತ್ತೆಂಟರಲ್ಲಿ ದೊರೆಗೆ ಆಪರೇಷನ್ ಆಗಿ ಎರಡು ವರ್ಷ ಅವರು ಬರಲಿಲ್ಲ. ಶಾಮಣ್ಣನಿಗೆ ಅಷ್ಟೇ ಸಾಕಾಯ್ತು. ಮೊದಲು ತನ್ನ ಮಗಳ ಮದುವೆಗೆ ಅಂತ ಊಟದ ಮೇಜು ಹೋಯ್ತು. ಆಮೇಲೆ ಎರಡು ಮಂಚ. "ಗೆದ್ದಲು ತಿಂತು ಅಂತ ದೊರೆಗೆ ಬರೆದಿದ್ದೀನಿ, ನೀನು ಬಾಯಿ ಮುಚ್ಕೊಂಡಿರು" ಅಂದ. ಆಮೇಲೆ ಹಾಲ್‌ನಲ್ಲಿದ್ದ ದೊಡ್ಡ ಗಡಿಯಾರ ಹೊತ್ತುಕೊಂಡು ಹೋದ. ಕೊನೆಗೆ ಆ ಖಾಲಿ ಹಾಲ್‌ನಲ್ಲೇ ರೇಷ್ಮೆ ಹುಳು ಸಾಕೋಕೆ ಶುರು ಮಾಡಿದ! ದಪ್ಪ ಗೋಡೆ, ತಂಪು ನೆಲ, ನಾಲ್ಕು ಕಡೆ ಕಿಟಕಿ. ಹುಳಕ್ಕೆ ಅಂಥ ಅರಮನೆ ಜಿಲ್ಲೇಲೇ ಇರಲಿಲ್ಲ. ನಾನು ದಿಬ್ಬೂರಹಳ್ಳಿ ಕಡೆಯವಳು, ಹುಟ್ಟಿದ್ದೇ ಹುಳುಮನೇಲಿ. ಅದು ಅವನಿಗೆ ಗೊತ್ತಿತ್ತು. ಕಾವಲಿನ ಕೆಲಸದ ಜೊತೆ ಸೊಪ್ಪು ಕೊಯ್ದು ಹಾಕೋ ಕೆಲಸವೂ ನನ್ನ ತಲೆಗೇ ಬಂತು.

ಆದರೆ ಗಡಿಯಾರ ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮೇಜು ಗೆದ್ದಲು ತಿಂತು ಅನ್ನಬಹುದು, ಮಂಚ ತಿಂತು ಅನ್ನಬಹುದು. ಹಿತ್ತಾಳೆ ಗಡಿಯಾರವನ್ನ ಯಾವ ಗೆದ್ದಲು ತಿನ್ನುತ್ತೆ? ಅದಕ್ಕೊಬ್ಬ ಕಳ್ಳ ಬೇಕಾಯ್ತು.

ಅರವತ್ತನೇ ಇಸವಿ ಡಿಸೆಂಬರು. ಚಿಂತಾಮಣಿ ಸಂತೇಲಿ ನಾನು ಅವರೆಕಾಯಿ, ಬೆಲ್ಲ ತಗೊಂಡು ಮಡಿಲಿಗೆ ಕಟ್ಟಿಕೊಂಡು ಹೊರಟಿದ್ದೆ. ಶಾಮಣ್ಣ ಎದುರಿಗೆ ಬಂದು ನಿಂತ.

"ನಿಂತ್ಕೊಳ್ಳೇ ಗೌರಿ. ಮಡಿಲು ಬಿಚ್ಚು."

"ಯಾಕ್ ಏಜೆಂಟ್ರೆ? ಅವರೆಕಾಯಿ ಕಣ್ರಿ."

"ದೊರೆ ಗಡಿಯಾರ ಕದ್ದೋಳು ಇನ್ನೇನೇನು ಕದ್ದಿದ್ದೀಯೋ ಯಾರಿಗ್ ಗೊತ್ತು. ಬಿಚ್ಚೇ!"

ಸಂತೆ ಪೂರ್ತಿ ತಿರುಗಿ ನೋಡ್ತು. ಮೆಣಸಿನಕಾಯಿ ಮಾರ್ತಿದ್ದವನೊಬ್ಬ "ದೊಂಗ ದೊರಿಕಿಂದಿ" ಅಂತ ತೆಲುಗಲ್ಲಿ ಕೂಗಿದ, ಕಳ್ಳಿ ಸಿಕ್ಕಿದ್ಲು ಅಂತ. ಜನ ನಕ್ಕರು. ನಾನು ಬಿಚ್ಚಿದೆ. ಅವರೆಕಾಯಿ ಮಣ್ಣಿಗೆ ಬಿತ್ತು. ಒಂದು ಹೆಂಗಸು ತುಂಬಿದ ಮಡಿಲನ್ನ ನಡುಬೀದೀಲಿ ಬಿಚ್ಚಿ ತೋರಿಸೋದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಶಾಮಣ್ಣ ಬಗ್ಗಿ ಮೆತ್ತಗೆ ಅಂದ: "ಈ ಬೆಳೆ ಹುಳು ಗೂಡು ಕಟ್ಟೋವರೆಗೂ ಸೊಪ್ಪು ಹಾಕು. ಆಮೇಲೆ ನಿನ್ನ ಗಂಟುಮೂಟೆ ಕಟ್ಟು. ಪೊಲೀಸಿಗೆ ಕೊಡದೇ ಬಿಡ್ತಿದ್ದೀನಿ, ಅದೇ ದೊಡ್ಡದು."

ಆಗ ಹುಳಕ್ಕೆ ಮೂರನೇ ಜ್ವರ ಕಳೆದಿತ್ತು. ಗೂಡು ಕಟ್ಟೋಕೆ ಇನ್ನು ಹೆಚ್ಚು ಅಂದರೆ ಎರಡು ವಾರ. ಆಮೇಲೆ ನನಗೂ ನನ್ನ ಮಗೂಗೂ ಸೂರಿಲ್ಲ, ಹೋದ ಊರಲ್ಲೆಲ್ಲ ಕಳ್ಳಿ ಅನ್ನೋ ಹೆಸರು ಬೇರೆ. ಆರು ವರ್ಷದ ಮಗಳು ದಾರಿ ಉದ್ದಕ್ಕೂ "ಅಮ್ಮ, ನೀನು ಏನು ಕದ್ದೆ?" ಅಂತ ಕೇಳ್ತಾ ಬಂದಳು. ನಾನು ಮನಸ್ಸಲ್ಲೇ ಹೇಳಿಕೊಂಡೆ: ಶಾಮಣ್ಣ, ನಿನ್ನನ್ನ ಬಿಡಲ್ಲ.

ದೊರೆಸಾನಿ ಕ್ರಿಸ್‌ಮಸ್ಸಿಗೆ ಪ್ರತಿ ವರ್ಷ ನನಗೊಂದು ಕಾರ್ಡು ಕಳಿಸ್ತಿದ್ದರು. ಐದಾರು ದಿನ ಆದ ಮೇಲೆ ಅದು ಬಂತು. ನನಗೆ ಓದೋಕೆ ಬರದಿದ್ದರೂ ಸ್ಟಾಂಪು ನೋಡೋ ಚಟ. ಯಾವಾಗಲೂ ಅವರ ರಾಣಿ ಮುಖ ಇರ್ತಿತ್ತು. ಈ ಸಲ ರಾಣಿ ಇಲ್ಲ, ಭಾರತದ ನಕ್ಷೆ ಇರೋ ನಮ್ಮ ಸ್ಟಾಂಪು! ಇವರು ಇಲ್ಲೇ ಎಲ್ಲೋ ಇದ್ದಾರೆ.

ಎರಡು ಗಂಟೆ ನಡೆದು ಚಿಂತಾಮಣಿ ಪೋಸ್ಟಾಫೀಸಿಗೆ ಹೋದೆ. ಅಲ್ಲಿ ಹೊಸ ಪೋಸ್ಟ್ ಮಾಸ್ಟರು ಬಂದು ಎರಡು ತಿಂಗಳಾಗಿತ್ತು. ಕುಂದಾಪುರದ ಕಡೆಯವರು, ಒಳ್ಳೆ ಮನುಷ್ಯ. ಕಾರ್ಡು ಓದಿ ಹೇಳಿದರು: "ಅವರು ಬೆಂಗಳೂರಿನ ಹೋಟೆಲಿನಲ್ಲಿ ಉಳಿದಿದ್ದಾರಂತೆ. ಬಂಗಲೆಯ ಸೂರು ಕುಸಿದು ಬಿದ್ದಿದೆ, ಬರಬೇಡಿ ಅಂತ ಏಜೆಂಟರು ಬರೆದಿದ್ದಾರಂತೆ. ನಿನ್ನನ್ನು ನೋಡಲಾಗದ್ದಕ್ಕೆ ಬೇಸರ ಅಂತ ಬರೆದಿದ್ದಾರೆ."

ಕುಸಿದ ಸೂರು! ಬೆಳಿಗ್ಗೆ ತಾನೇ ಆ ಸೂರಿನ ಕೆಳಗೆ ಗುಡಿಸಿ ಬಂದಿದ್ದೆ.

"ಸ್ವಾಮಿ, ಅವರಿಗೊಂದು ತಂತಿ ಕೊಡಿ. ಶಾಮಣ್ಣ ಸುಳ್ಳು ಹೇಳ್ತಿದ್ದಾನೆ ಅಂತ."

ಅವರು ಪೆನ್ನು ಕೆಳಗಿಟ್ಟರು. "ಅವರು ಊರಿನ ದೊಡ್ಡವರಮ್ಮ. ಅವರ ಮೇಲೆ ನಾನು ನನ್ನ ಕೈಯಾರೆ ಬರೆಯೋದಿಲ್ಲ. ಬೇಕಾದರೆ ಮನೆ ಸಮಾಚಾರ ಬರೆದುಕೊಡ್ತೇನೆ. ಮನೆಯಲ್ಲಿ ಎಲ್ಲ ಕ್ಷೇಮವಾ?"

ನನ್ನ ತಲೆ ತುಂಬ ಹುಳುವೇ. ಅವತ್ತು ಬೆಳಿಗ್ಗೆ ಸೊಪ್ಪು ಮುಟ್ಟದೆ ಕೂತಿದ್ದವು. ಯಾವ ಕಪಟವೂ ಇಲ್ಲದೆ ಅಂದೆ: "ಏನು ಕ್ಷೇಮ ಸ್ವಾಮಿ, ಮನೆ ತುಂಬ ನಾಲ್ಕನೇ ಜ್ವರ."

ರೇಷ್ಮೆ ಹುಳು ಹಳೇ ಚರ್ಮ ಕಳಚೋ ಮುಂಚೆ ಒಂದು ದಿನ ತಿನ್ನದೆ, ಅಲ್ಲಾಡದೆ, ತಲೆ ಎತ್ತಿಕೊಂಡು ಕೂರುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಹುಟ್ಟಿದಾಗಿನಿಂದ ಗೂಡು ಕಟ್ಟೋವರೆಗೆ ಇಂಥವು ನಾಲ್ಕು ಜ್ವರ. ಇಲ್ಲಿ ಎಳೇ ಮಕ್ಕಳಿಗೂ ಗೊತ್ತು. ಕುಂದಾಪುರದವರಿಗೆ ಹೇಗೆ ಗೊತ್ತಾಗಬೇಕು? ಅವರ ಮುಖ ಬೆಳ್ಳಗಾಯ್ತು.

"ನಾಲ್ಕನೇ ಸಲವಾ?"

"ಹೂಂ. ಮೂರು ಬಂದು ಹೋಯ್ತು."

"ಊಟ?"

ನನಗೆ ಆಗ ಅರ್ಥ ಆಯ್ತು. ಅವರು ಜನ ಅಂದುಕೊಂಡಿದ್ದಾರೆ! ತಿನ್ನೋದಿಲ್ಲ, ಬಿದ್ದಿವೆ ಅಂತ ಬಾಯಿಗೆ ಬಂದದ್ದನ್ನ ಅಲ್ಲೇ ಹಿಡಿದೆ. "ಬಿದ್ದಿವೆ" ಅಂದರೆ ಹುಳು ಅಂತ ತಿಳಿದುಬಿಡುತ್ತೆ, "ಬಿದ್ದಿದ್ದಾರೆ" ಅಂದರೆ ನಾನು ಸುಳ್ಳಿ ಆಗ್ತೀನಿ. ಆದರೆ "ಇಲ್ಲ" ಅನ್ನೋ ಮಾತಿದೆಯಲ್ಲ, ಅದು ಮನುಷ್ಯರಿಗೂ ಒಂದೇ, ಹುಳಕ್ಕೂ ಒಂದೇ.

"ಊಟ ಮುಟ್ಟಿಲ್ಲ ಸ್ವಾಮಿ. ಅಲ್ಲಾಡ್ತಾನೂ ಇಲ್ಲ. ಬೆಳಿಗ್ಗೆಯಿಂದ ಕಣ್ಣೆತ್ತಿ ನೋಡಿಲ್ಲ."

"ಎಷ್ಟು ಜನಕ್ಕೆ?"

"ಒಂದಕ್ಕೂ ಬಿಟ್ಟಿಲ್ಲ ಸ್ವಾಮಿ."

ಇದು ಸ್ವಲ್ಪ ಜಾರಿತು. ಅವರು ಗಾಬರೀಲಿ ಗಮನಿಸಲಿಲ್ಲ. ತಂತೀಲಿ ಪದಕ್ಕಿಷ್ಟು ಅಂತ ದರ ಇರೋದರಿಂದ ಹಿಂದೆ ಮುಂದೆ ಕತ್ತರಿಸಿ ನಾಲ್ಕೇ ಮಾತು ಇಟ್ಟರು: ಬಂಗಲೆ ತುಂಬ ನಾಲ್ಕನೇ ಜ್ವರ. ಕೆಳಗೆ ನನ್ನ ಹೆಸರು. ನಾನು ತಿದ್ದಲಿಲ್ಲ. ತಿದ್ದಬೇಕು ಅಂತ ಅನ್ನಿಸಲೂ ಇಲ್ಲ. ವಾಪಸು ಬರೋ ದಾರೀಲಿ ಒಬ್ಬಳೇ ನಗ್ತಾ ಬಂದೆ.

ಮಾರನೇ ದಿನ ಹತ್ತು ಗಂಟೆಗೆಲ್ಲ ಕಾರು ಬಂತು. ದೊರೆ, ದೊರೆಸಾನಿ, ಮೂಗಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಬೆಂಗಳೂರು ಡಾಕ್ಟರು. ದೊರೆ ಇಳಿದವರೇ ಮೊದಲು ತಲೆ ಎತ್ತಿ ಸೂರು ನೋಡಿದರು. ಒಂದು ಹೆಂಚೂ ಅಲುಗಿರಲಿಲ್ಲ. ನೋಡ್ತಾನೇ ನಿಂತರು.

"ರೋಗಿಗಳು ಎಲ್ಲಮ್ಮ?" ಅಂದರು ಡಾಕ್ಟರು.

"ಒಳಗಿವೆ, ಬನ್ನಿ ಸ್ವಾಮಿ." ಈಗ ಧಾರಾಳವಾಗಿ "ಇವೆ" ಅಂದೆ.

ಹಾಲ್ ಬಾಗಿಲು ತೆಗೆದೆ. ನೆಲದಿಂದ ತೊಲೆವರೆಗೆ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹುಳು, ಅಷ್ಟೂ ಹುಳು ತಲೆ ಎತ್ತಿಕೊಂಡು ದೊರೆನೇ ನೋಡೋ ಹಾಗೆ. ಡಾಕ್ಟರು ಬಟ್ಟೆ ಬಿಚ್ಚಿ ನಗೋಕೆ ಶುರು ಮಾಡಿದರು. ದೊರೆ ಮುಖ ಟೊಮೇಟೊ ಆಗಿತ್ತು.

ಕಾರು ಊರು ದಾಟಿದ್ದು ಕೇಳಿ ಶಾಮಣ್ಣ ಜಟಕಾ ಹಿಡಿದು ಬಂದ. ಬಂದವನೇ ಇಂಗ್ಲಿಷಲ್ಲಿ ಪಟಪಟ ಅಂದ. ನನಗೆ ತಿಳಿದದ್ದು ಗೌರಿ ಅನ್ನೋದೊಂದೇ. ಡಾಕ್ಟರು ಹೇಳಿದರು: "ನೀನು ಕದ್ದುಮುಚ್ಚಿ ಹುಳು ಸಾಕಿದ್ದೀಯ, ಅದು ಸಾಲದು ಅಂತ ಗಡಿಯಾರವನ್ನೂ ಮಾರಿಕೊಂಡಿದ್ದೀಯ ಅಂತಾರಮ್ಮ."

ಇದೇ ಬೇಕಿತ್ತು ನನಗೆ. "ಹೌದಾ ಏಜೆಂಟ್ರೆ? ಹುಳು ನನ್ನದಾ? ಹಾಗಾದ್ರೆ ದೊರೆ ಮನೆ ಗಲೀಜು ಯಾಕೆ, ಈಗಲೇ ಅಂಗಳಕ್ಕೆ ಸುರಿದುಬಿಡ್ತೀನಿ." ಮೇಲಿನ ತಟ್ಟೆಗೆ ಕೈ ಹಾಕಿ ಎಳೆದೆ.

"ಏಯ್! ಮುಟ್ಟಬೇಡ ಕಣೇ! ಜ್ವರ ಏಳ್ಲಿ! ಹೋಯ್ತು, ನನ್ನ ಬೆಳೆ ಹೋಯ್ತು!" ಅಂತ ಕಿರುಚಿದ.

ಜ್ವರಕ್ಕೆ ಕೂತ ಹುಳುವನ್ನ ಅಲ್ಲಾಡಿಸಿದರೆ ಬೆಳೆ ಕೆಡುತ್ತೆ. ನಿಜವಾಗಿ ಸುರೀತಿದ್ದೆನಾ? ಹುಳು ಅಂದರೆ ನಮಗೆ ಲಕ್ಷ್ಮಿ. ಆದರೂ ಅವತ್ತು ನನ್ನ ಕೈ ಮೇಲೆ ನನಗೇ ನಂಬಿಕೆ ಇರಲಿಲ್ಲ. ಡಾಕ್ಟರು ಮೆಲ್ಲಗೆ ಕೇಳಿದರು: "ನನ್ನ ಬೆಳೆ ಅಂದ್ರಲ್ಲ, ಯಾರ ಬೆಳೆ ಸ್ವಾಮಿ?"

ನಾನು ತಟ್ಟೆ ಬಿಡಲಿಲ್ಲ. "ಡಾಕ್ಟ್ರೆ, ನಾನು ಹೇಳೋದನ್ನ ಇವರೇ ದೊರೆಗೆ ಇಂಗ್ಲಿಷಲ್ಲಿ ಹೇಳ್ಲಿ. ಸರಿಯಾಗಿ ಹೇಳಿದ್ರಾ ಅಂತ ನೀವು ನೋಡಿ. ಹೇಳಿದ್ರೆ ತಟ್ಟೆ ಒಳಕ್ಕೆ, ಇಲ್ಲದಿದ್ರೆ ಹೊರಕ್ಕೆ."

ಆಹಾ, ಆ ಕಾಲು ಗಂಟೆ! "ಮೇಜನ್ನ ಗೆದ್ದಲು ತಿಂದಿಲ್ಲ, ಏಜೆಂಟರ ನಡುಮನೇಲಿದೆ" ಅಂದೆ. ಅವನು ತಲೆ ಬಗ್ಗಿಸಿ ಇಂಗ್ಲಿಷಲ್ಲಿ ಹೇಳಿದ. ಡಾಕ್ಟರು "ನಡುಮನೆ ಬಿಟ್ಟಿರಿ" ಅಂದರು. ಮತ್ತೆ ಹೇಳಿದ. ಎರಡು ಮಂಚ, ಹೇಳಿದ. ಗಡಿಯಾರ, ಹೇಳಿದ. "ನಾನು ಕದ್ದಿಲ್ಲ. ಸಂತೇಲಿ ನನ್ನ ಮಡಿಲು ಬಿಚ್ಚಿಸಿದ್ರಿ." ಅದಕ್ಕೆ ಅವನಿಗೆ ಇಂಗ್ಲಿಷ್ ಸಿಗಲಿಲ್ಲವೋ, ಧೈರ್ಯ ಸಿಗಲಿಲ್ಲವೋ, ತಡವರಿಸಿದ. ಡಾಕ್ಟರೇ ಹೇಳಿದರು. ದೊರೆಸಾನಿ ಬಂದು ನನ್ನ ಭುಜ ಹಿಡಿದುಕೊಂಡರು.

ಮುಖ್ತಿಯಾರ್ ಅವತ್ತೇ ರದ್ದಾಯ್ತು. ಪೊಲೀಸಿಗೆ ಕೊಡೋಣವಾ ಅಂತ ದೊರೆ ಡಾಕ್ಟರ ಕೈಲಿ ಕೇಳಿಸಿದರು. ಬೇಡ ಅಂದೆ. ಕನಿಕರದಿಂದಲ್ಲ. ಸ್ಟೇಷನ್ ಒಳಗೆ ಏನಾದರೆ ಯಾರಿಗೆ ಕಾಣುತ್ತೆ? ಸಾಮಾನೆಲ್ಲ ಸಂತೆ ದಿನವೇ ವಾಪಸು ಬರಬೇಕು, ಸಂತೆಬೀದೀಲೇ ಗಾಡಿ ಬರಬೇಕು, ಗಾಡಿ ಹಿಂದೆ ಶಾಮಣ್ಣ ನಡೆದು ಬರಬೇಕು ಅಂದೆ. ಬಂದ. ನಾನು ಗಡಿಯಾರದ ಪಕ್ಕ ಗಾಡೀಲಿ ಕೂತಿದ್ದೆ, ಮಗಳು ತೊಡೆ ಮೇಲಿದ್ದಳು. ಮೆಣಸಿನಕಾಯಿಯವನ ಮುಂದೆ ಗಾಡಿ ನಿಲ್ಲಿಸಿ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವನು ಮೆಣಸಿನಕಾಯಿ ಎಣಿಸೋಕೆ ಹತ್ತಿದ.

ಹುಳು ಗೂಡು ಕಟ್ಟೋವರೆಗೆ ಹಾಲ್‌ನಲ್ಲೇ ಇರಲಿ ಅಂತ ನಾನೇ ದೊರೆ ಹತ್ತಿರ ಕೇಳಿಕೊಂಡೆ. ಗೂಡು ಕಟ್ಟಿದ ಮೇಲೆ ಶಾಮಣ್ಣ ಎತ್ತಿಕೊಂಡು ಹೋದ, ಹಾಲ್ ಅವನ ಕೈಲೇ ತೊಳೆಸಿದೆ. ದೊರೆ ಆಮೇಲೆ ಎರಡೇ ಚಳಿಗಾಲ ಬಂದದ್ದು. ಅರವತ್ತಮೂರರಲ್ಲಿ ಬಂಗಲೆ ಮಾರಿದರು. "ಇಲ್ಲಿದ್ದಾಗ ಆರು ವಾರ ಸುಖ ಗೌರಮ್ಮ, ಅಲ್ಲಿದ್ದಾಗ ವರ್ಷ ಪೂರ್ತಿ ದಿಗಿಲು" ಅಂದರು ದೊರೆಸಾನಿ. ಹೋಗುವಾಗ ಕೊಂಡವರಿಗೆ ಹೇಳಿ ನನ್ನ ಕೆಲಸ ಉಳಿಸಿ ಹೋದರು.

ಎಷ್ಟೋ ವರ್ಷದ ಮೇಲೆ ಶಾಮಣ್ಣ ಪೆರೇಸಂದ್ರದಲ್ಲಿ ಬಸ್ಸಿಗೆ ಕಾಯ್ತಾ ಸಿಕ್ಕಿದ. ಮುದುಕ ಆಗಿದ್ದ. "ಇನ್ನೂ ಸಿಟ್ಟೇನಮ್ಮ ಗೌರಮ್ಮ?" ಅಂದ. "ಹೂಂ" ಅಂದೆ, ಬಸ್ಸು ಹತ್ತಿದೆ. ಇವತ್ತು ಕೇಳಿದರೂ ಹೂಂ ಅಂತಲೇ ಅಂತೀನಿ.

ಕೆಲಸ ನನಗೆ ಕಲಿಸಿದ್ದು ಒಂದೇ. ಮನೆ ದೂರ ಇದ್ದರೆ ಒಡೆಯನಿಗೆ ಮನೆ ಕಾಣಲ್ಲ, ಕಾಗದ ಮಾತ್ರ ಕಾಣುತ್ತೆ. ಆಗ ಕಾಗದ ಬರೆಯೋನೇ ಮನೆ ಆಳ್ತಾನೆ, ಗುಡಿಸೋಳು ಕಳ್ಳಿ ಆಗ್ತಾಳೆ. ಆ ವರ್ಷವೇ ಮಗಳ ಸ್ಲೇಟು ಇಸ್ಕೊಂಡು ಅವಳ ಪಕ್ಕ ಕೂತು ನಾನು ಅಕ್ಷರ ಕಲಿತೆ. ಇಷ್ಟುದ್ದದ್ದನ್ನೂ ನಾನೇ ಬರೆದಿದ್ದೀನಿ, ಯಾರ ಕೈಲೂ ಬರೆಸಿಲ್ಲ.