ಕುಡಿತ ಬಿಟ್ಟ ಬೋರು

ಮಲ್ಲಂದೂರಿನ ಲಿಂಗಪ್ಪನವರೆಂದರೆ ಬೋರ್‌ವೆಲ್ಲುಗಳ ಕುಡಿತ ಬಿಡಿಸುವ ಡಾಕ್ಟರು. ಕೈಬಿಟ್ಟ ಬೋರಿಗೆ ಜೇಡಿಮಣ್ಣು, ಸಿಮೆಂಟು ತುಂಬಿ ಸೀಲು ಮಾಡದಿದ್ದರೆ ಮೇಲಿನ ಒರತೆಯ ನೀರೆಲ್ಲ ಅದರೊಳಗೆ ಪಾತಾಳಕ್ಕಿಳಿಯುತ್ತದೆ. ಆ ಸೀಲು ಗಟ್ಟಿಯಿದೆಯೇ ಎಂದು ನೋಡುವುದು ಅವರ ಕಸುಬು. ಬೋರಿನ ಬಾಯಿಗೆ ಪೈಪು ನಿಲ್ಲಿಸಿ, ನೀರು ತುಂಬಿ ಕೂತರೆಂದರೆ ಕಾಫಿ ಹೂವಾಗಿ ಹಣ್ಣಾದರೂ ಕಣ್ಣು ಮಿಟುಕಿಸುವುದಿಲ್ಲ. ನೀರು ಇಳಿದರೆ "ಇವ್ನು ಕುಡುಕ ಮಾರಾಯ," ನಿಂತರೆ "ವ್ರತದಲ್ಲಿದಾನೆ." ಅವರ ಹೆಸರು ಕೇಳಿದರೆ ಗೋಣಿಬೀಡಿನವರೆಗೂ ಸೋರುವ ಮನೆಮಾಡುಗಳು ತಾವಾಗಿಯೇ ಬಿಗಿದುಕೊಳ್ಳುತ್ತವಂತೆ. ಭಾನುವಾರ ಮಾತ್ರ ಅವರು ತಮ್ಮ ಮನೆಯ ಹಿಂದಿನ ಬೋರಿಗೇ ನೀರು ಹೊಯ್ಯುತ್ತಾರೆ. ಅದು ಮನೆಯ ಒರತೆಯನ್ನು ಪೂರ್ತಿ ಕುಡಿದ ಮೇಲೆ ಅವರೇ ಸೀಲು ಮಾಡಿದ್ದು. ಈಗ ಒಂದು ಹನಿಯೂ ಇಳಿಯುವುದಿಲ್ಲ, ಒರತೆಯೂ ಮರಳಿಲ್ಲ. "ನಿಮ್ ಸೀಲು ಪಾಸು ಕಣ್ರೀ, ನನ್ ಕೊಡ ಫೇಲು," ಎನ್ನುತ್ತಾರೆ ಹೆಂಡತಿ ಪ್ರೇಮಕುಮಾರಿ. "ತಡಿಯೇ, ಇನ್ನೊಂದ್ಸಲ ನೋಡ್ತೀನಿ." ಊರವರ ಬೋರಿನ ಮುಂದೆ ನೀರು ಇಳಿಯದಿರಲಿ ಎಂದು ಬೇಡಿಕೊಳ್ಳುವ ಲಿಂಗಪ್ಪನವರು, ಇಲ್ಲಿ ಒಂದು ಬೆರಳಾದರೂ ಇಳಿಯಲಿ ಎಂದು ಕಾಯುತ್ತಾರೆ. ಸೋರಿದರೆ, ರಿಪೇರಿ ಮಾಡುವುದಕ್ಕೆ ಇನ್ನೂ ಏನೋ ಉಳಿದಿದೆ ಎಂದಾಗುತ್ತದೆ.