ಪದಕಕ್ಕೂ ಮೊದಲೇ ಅಚ್ಚಾದ ಆಹ್ವಾನ ಪತ್ರಿಕೆ

ಮೂರು ವರ್ಷಗಳ ಹಿಂದೆ ನಾನು ಟೊರೊಂಟೊ ಹೊರವಲಯದ ಒಬ್ಬ ಜನಪ್ರತಿನಿಧಿಯ ಕ್ಷೇತ್ರ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಸಮಾಜಸೇವೆಗೆ ಕೊಡುವ ಸರ್ಕಾರಿ ಪದಕಕ್ಕೆ ನಮ್ಮ ಕಚೇರಿ ಆ ವರ್ಷ ಹನ್ನೆರಡು ಹೆಸರುಗಳನ್ನು ಶಿಫಾರಸು ಮಾಡಬೇಕಿತ್ತು. ಅಂತಿಮ ತೀರ್ಮಾನ ಹೊರಗಿನ ಸಮಿತಿಯದು. ಅರ್ಜಿ ಸಿದ್ಧಪಡಿಸುವುದು ನನ್ನ ಕೆಲಸ.

ನಾನು ಮೊದಲು ಬರೆದ ಹೆಸರು ಶಾಂತಕ್ಕನದು. ಧಾರವಾಡದವರು, ಹತ್ತಿರದ ರೆಕ್ಸ್‌ಡೇಲ್ ಬಡಾವಣೆಯ ವೃದ್ಧಾಶ್ರಮವೊಂದರಲ್ಲಿ ಆರೈಕೆ ಕೆಲಸ. ರಜೆಯ ದಿನಗಳಲ್ಲಿ ಇಂಗ್ಲಿಷ್ ಬಾರದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದು, ಅವರ ನೋವು ಎಲ್ಲಿ, ಎಂಥದು ಎಂದು ವೈದ್ಯರಿಗೆ ವಿವರಿಸುತ್ತಿದ್ದರು. ಹದಿನಾಲ್ಕು ವರ್ಷ ಹೀಗೆ ನಡೆಸಿದ್ದರು.

“ನನಗ್ಯಾಕವ್ವಾ ಪದಕ? ಕೊಟ್ರ ಒಲ್ಲೆ ಅನ್ನಂಗಿಲ್ಲ ಮತ್ತ,” ಎಂದು ಫೋನಿನಲ್ಲಿ ನಕ್ಕರು.

ಅರ್ಜಿಯ ಕೊನೆಯ ದಿನ ಕಚೇರಿಯ ಮ್ಯಾನೇಜರ್ ಪ್ರಕಾಶ್, ಶಾಂತಕ್ಕನ ಹೆಸರು ತೆಗೆದು ದೇಸಾಯಿಯವರದನ್ನು ಸೇರಿಸಲು ಹೇಳಿದರು. ದೇಸಾಯಿ ಗೋದಾಮುಗಳ ಮಾಲೀಕರು. ನಮ್ಮ ಪಕ್ಷದ ಚುನಾವಣಾ ನಿಧಿ ಭೋಜನಕೂಟಕ್ಕೆ ಜನರನ್ನೂ ಹಣವನ್ನೂ ಒಟ್ಟುಮಾಡಿಕೊಟ್ಟವರು. ನಾನು ಒಪ್ಪಲಿಲ್ಲ.

“ಎಲ್ಲಾ ಕಡೆ ನಡೆಯೋದೇ ಕಣಮ್ಮ. ಇದಕ್ಕೆಲ್ಲ ಲಾ ಪಾಯಿಂಟ್ ಹಾಕ್ಬೇಡ,” ಎಂದ ಪ್ರಕಾಶ್ ತಾವೇ ಹೆಸರು ಬದಲಿಸಿ ಕಳುಹಿಸಿದರು.

ಅವರು ಹೇಳಿದ ಲಾ ಪಾಯಿಂಟನ್ನು ನಾನು ಹುಡುಕಿದೆ. ಪಕ್ಷದ ನಿಧಿಗಾಗಿ ಬಿರುದು, ಗೌರವ ಮಾರುವುದನ್ನೇ ಹೆಸರಿಸಿ ಅಪರಾಧವೆನ್ನುವ ಕಾಯ್ದೆ ಬ್ರಿಟನ್ನಿನಲ್ಲಿ ಸುಮಾರು ನೂರು ವರ್ಷಗಳಿಂದ ಇದೆ. ಇಲ್ಲಿ ಅಂಥ ಪ್ರತ್ಯೇಕ ಕಾಯ್ದೆ ನನಗೆ ಸಿಗಲಿಲ್ಲ. ಇದನ್ನು ಲಂಚದ ಕಲಮುಗಳ ಅಡಿಯಲ್ಲಿ ತರಬೇಕು. ಅದಕ್ಕೆ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರುವ ನಂಟನ್ನು ತೋರಿಸಬೇಕು.

ಆ ನಂಟನ್ನು ದೇಸಾಯಿಯವರೇ ತಂದುಕೊಟ್ಟರು. ಸಮಿತಿಯ ಸಭೆಗೆ ಇನ್ನೂ ಒಂಬತ್ತು ದಿನವಿರುವಾಗ ಕಚೇರಿಗೆ ಬಂದು, ಅಂಚಿಗೆ ಅರಿಶಿನ ಹಚ್ಚಿದ, ತಮ್ಮ ಸನ್ಮಾನದ ಆಹ್ವಾನ ಪತ್ರಿಕೆಯನ್ನು ಎರಡೂ ಕೈಯಲ್ಲಿ ನೀಡಿದರು. ಅವರ ಹೆಸರಿನ ಹಿಂದೆ ‘ಪದಕ ಪುರಸ್ಕೃತ’ ಎಂದಿತ್ತು. ಕೆಳಗೆ: ‘ನಿಧಿ ಸಂಗ್ರಹದ ನಮ್ಮ ಸೇವೆಯನ್ನು ಗುರುತಿಸಿ ಪದಕ ಕೊಡಿಸಿದ ಪ್ರಕಾಶ್ ಅವರಿಗೆ ಕೃತಜ್ಞತೆಗಳು.’

“ಇದನ್ನ ಯಾಕೆ ಹಾಕಿದ್ರಿ?” ಎಂದು ಕೇಳಿದೆ.

“ಉಪಕಾರ ಮಾಡಿದವರ ಹೆಸರು ಬಿಡಬಾರದು ತಂಗಿ. ಸನ್ಮಾನಕ್ಕ ನೀವೂ ಬರಬೇಕ್ರಿ.”

ಅವರಿಗೆ ನಾಚಿಕೆಯೂ ಇರಲಿಲ್ಲ, ಭಯವೂ ಇರಲಿಲ್ಲ. ಕಾರ್ಯಕ್ರಮಕ್ಕೆ ದೇಣಿಗೆ ಕೊಟ್ಟವರಿಗೆ ಅದೇ ವೇದಿಕೆಯಲ್ಲಿ ಶಾಲು ಹೊದಿಸುವ ನಮ್ಮವರ ಸಭೆಗಳಲ್ಲಿ ಬೆಳೆದವರು. ನನ್ನ ಸಿಟ್ಟು ಎಲ್ಲ ಗೊತ್ತಿದ್ದ ಪ್ರಕಾಶ್ ಮೇಲೆ.

ಪತ್ರಿಕೆಯನ್ನು ಅಂದೇ ಸಮಿತಿಗೆ ಕಳುಹಿಸಿದೆ. “ಕನ್ನಡದವಳಾಗಿ ಕನ್ನಡದವರಿಗೇ ಹೀಗ್ಮಾಡ್ತೀಯಾ?” ಎಂದರು ಪ್ರಕಾಶ್. ಶಾಂತಕ್ಕ ಯಾವ ಭಾಷೆಯವರೆಂದು ಅವರನ್ನು ಕೇಳಿದೆ.

ಸಮಿತಿ ದೇಸಾಯಿಯವರ ಹೆಸರನ್ನು ಕೈಬಿಟ್ಟಿತು. ಆದರೆ ಗಡುವು ಮುಗಿದಿದ್ದರಿಂದ ಬೇರೆ ಹೆಸರನ್ನು ಸ್ವೀಕರಿಸಲಿಲ್ಲ. ಆ ಹನ್ನೆರಡನೆಯ ಪದಕ ಯಾರಿಗೂ ಸಿಗಲಿಲ್ಲ. ಪ್ರಕಾಶ್‌ರನ್ನು ಬೇರೆ ಹುದ್ದೆಗೆ ಕಳುಹಿಸಿದರು, ಅಷ್ಟೇ. ನಾನು ರಾಜೀನಾಮೆ ಕೊಟ್ಟೆ.

ಶಾಂತಕ್ಕನಿಗೆ ವಿಷಯ ತಿಳಿಸಲು ನಾನೇ ಹೋದೆ. “ಇರ್ಲಿ ಬಿಡವ್ವಾ,” ಎಂದರು. “ಪದಕ ಕೊಡೋ ದಿನದ ಶಿಫ್ಟು ಬಿಡಿಸ್ಕೊಂಡಿದ್ದೆ. ಮತ್ತ ಹಾಕಿಸ್ಕೋತೀನಿ.”

ಇಂಥ ಅಪರಾಧದಲ್ಲಿ ಕಾನೂನು ಹುಡುಕುವುದು ಕೊಟ್ಟವರನ್ನು ಮತ್ತು ಪಡೆದವರನ್ನು. ಯಾರ ಹೆಸರನ್ನು ಅಳಿಸಿ ಆ ಜಾಗ ಮಾಡಿಕೊಟ್ಟರು ಎಂಬುದನ್ನು ಬರೆದಿಡುವುದು ಕಡತ ಹಿಡಿದವರ ಹೊಣೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.