ಏಳು ಕಿಲೋದ ಚೀಲ

ಬೆನ್ನಿಗೆ ಹಾಕಿಕೊಳ್ಳುವ ಚೀಲ ಹೊಲಿಯುವವರಿಗೆ, ಹೆಂಗಸರಿಗೂ ಬೆನ್ನು ಇರುತ್ತದೆ ಎಂದು ಯಾರೂ ಹೇಳಿದಂತಿಲ್ಲ. ಡಬ್ಲಿನ್ ಪೇಟೆಯ ಆ ಅಂಗಡಿಯಲ್ಲಿ ಒಂದು ಗೋಡೆ ತುಂಬ ಚೀಲ ನೇತುಹಾಕಿದ್ದರು. ನಾನು ಐದಡಿಗೆ ಒಂದು ಬೆರಳು ಕಡಿಮೆ. ಮೊದಲನೆಯದನ್ನು ಹಾಕಿಕೊಂಡರೆ ಸೊಂಟಕ್ಕೆ ಬರಬೇಕಾದ ಪಟ್ಟಿ ತೊಡೆಯ ಮೇಲೆ ಬಂದು ಕೂತಿತು. ಎರಡನೆಯದರ ಹೆಗಲಪಟ್ಟಿ ಕುತ್ತಿಗೆ ಕೊಯ್ಯುತ್ತಿತ್ತು. ಮೂರನೆಯದರ ಎದೆಪಟ್ಟಿಯ ಬಕಲ್ಲು ಎಲ್ಲಿ ಬರಬಾರದೋ ಅಲ್ಲೇ ಬಂದು, ನನ್ನ ಕರಿಮಣಿ ಸರವನ್ನು ಕಚ್ಚಿ ಹಿಡಿದುಕೊಂಡಿತು. ಅಂಗಡಿಯಾತ ಏನು ಮಾಡಬೇಕೆಂದು ತೋಚದೆ "ಯೂ ಆರ್ ಗ್ರ್ಯಾಂಡ್, ಯೂ ಆರ್ ಗ್ರ್ಯಾಂಡ್" ಎನ್ನುತ್ತ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಗ್ರ್ಯಾಂಡಂತೆ! ಈ ದೇಶದಲ್ಲಿ ಮಾಳಿಗೆ ಸೋರಿದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. ನಾನು ಕನ್ನಡದಲ್ಲೇ ಒಂದಿಷ್ಟು ಬೈದು ಸರ ಬಿಡಿಸಿಕೊಂಡೆ.

"ಅಷ್ಟೊಂದು ಯಾಕೆ ಒದ್ದಾಡ್ತೀಯಾ? ಒಂದು ಸೂಟ್‌ಕೇಸ್ ಚೆಕ್‌ಇನ್ ಮಾಡು, ಬೆಂಗಳೂರಲ್ಲಿ ಬೆಲ್ಟ್ ಮೇಲೆ ಬರುತ್ತೆ, ಎತ್ಕೊಂಡು ಹೋಗು" ಎಂದರು ನನ್ನ ಗಂಡ, ಪಕ್ಕದಲ್ಲಿ ನಿಂತು.

ನಾನು ಅವರನ್ನು ನೋಡಿದ ರೀತಿಗೆ ಅವರು ಮೆಲ್ಲಗೆ ನೀರಿನ ಬಾಟಲಿಗಳ ಕಪಾಟಿನ ಕಡೆ ಸರಿದರು.

ಬೆಲ್ಟಿನ ಮಾತು ನನ್ನ ಮುಂದೆ ಆಡಬಾರದಿತ್ತು. ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಬೆಳಗಿನ ಕಾಫಿ ಕುಡಿಯುತ್ತಾ ಕೂತವರು ಹಾಗೇ ಹೋಗಿಬಿಟ್ಟರು. ಸಿಕ್ಕಿದ ಟಿಕೆಟ್ ಹಿಡಿದು ಹೊರಡುವವಳಿದ್ದೆ. ಡಬ್ಲಿನ್ ಹೊರವಲಯದ ಲೂಕನ್‌ನ ನಮ್ಮ ಬಡಾವಣೆಯಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ, ಸುದ್ದಿ ಹರಡಿತು, ಸಂಜೆ ಹೊತ್ತಿಗೆ ಸಮಾಧಾನ ಹೇಳಲು ಜನ ಬಂದರು. ಬಂದವರ ಕೈಯಲ್ಲೆಲ್ಲ ಒಂದೊಂದು ಪೊಟ್ಟಣ! "ಪಾಪ, ಹಿಂಗಾಗಬಾರದಿತ್ತು" ಎಂದು ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡವರೇ, "ಹೇಗೂ ಹೋಗ್ತಿದ್ದೀರಲ್ಲ, ಸ್ವಲ್ಪ ಜಾಗ ಇದ್ಯಾ?" ಎಂದು ಕೇಳಿದರು. ನನಗೆ ಅಳುವುದಕ್ಕೇ ಪುರುಸೊತ್ತಿರಲಿಲ್ಲ. ನನ್ನ ಗಂಡ ಎಲ್ಲರ ಕೈಯಿಂದಲೂ ಇಸಿದುಕೊಂಡು, ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿಸಿ, ಕಂಠಪೂರ್ತಿ ತುಂಬಿಸಿದರು. ನನ್ನದು ಅಂತ ಅದರಲ್ಲಿ ಎರಡು ಸೀರೆ.

ಬೆಂಗಳೂರಲ್ಲಿ ಇಳಿದು ಆ ಬೆಲ್ಟಿನ ಮುಂದೆ ನಿಂತೆ. ಎಲ್ಲರ ಪೆಟ್ಟಿಗೆಗಳೂ ಬಂದವು, ನನ್ನದು ಬರಲಿಲ್ಲ. ಬಿಟ್ಟು ಹೋಗೋಣವೆಂದು ಫೋನ್ ಮಾಡಿದರೆ, "ಎದುರು ಮನೆಯವರ ಮಗನ ಲ್ಯಾಪ್‌ಟಾಪ್ ಅದರಲ್ಲೇ ಇದೆ ಕಣೇ, ಕಂಪ್ಲೇಂಟ್ ಆದ್ರೂ ಬರೆಸಿ ಹೋಗು" ಎಂದರು ನನ್ನ ಗಂಡ. ಒಂದು ಕೌಂಟರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಾಡಿ ಬರೆಸಿ, ಮೈಸೂರು ಮುಟ್ಟುವ ಹೊತ್ತಿಗೆ ಅಕ್ಕನ ಮನೆಯ ಮುಂದೆ ನೀರು ಹಾಕಿ ತೊಳೆದಿದ್ದರು. ಭಾವನನ್ನು ಕರೆದೊಯ್ದು ಆಗಿತ್ತು. ಒಳಗೆ ಮೂಲೆಯಲ್ಲಿ ಕೂತಿದ್ದ ಅಕ್ಕ ತಲೆಯೆತ್ತಿ ನನ್ನನ್ನು ನೋಡಿ, "ದಾರೀಲಿ ಏನಾದ್ರೂ ತಿಂದ್ಯಾ?" ಎಂದು ಕೇಳಿದಳು. ಅಷ್ಟೇ. ಅವತ್ತೂ, ಆಮೇಲಿನ ನಾಲ್ಕು ವರ್ಷದಲ್ಲೂ, ನೀನು ಯಾಕೆ ತಡಮಾಡಿದೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಸೂಟ್‌ಕೇಸ್ ಎರಡು ದಿನ ಬಿಟ್ಟು ಬಂತು. ಲ್ಯಾಪ್‌ಟಾಪ್ ಒಯ್ಯಲು ಬಂದ ಹುಡುಗ ಸೂತಕದ ಮನೆಯ ಬಾಗಿಲಲ್ಲೇ ಅದನ್ನು ಬಿಚ್ಚಿ, ತಿರುಗಿಸಿ, ಮೂಲೆ ಜಜ್ಜಿದೆಯೇನೋ ಎಂದು ನೋಡಿದ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಈ ಸಲ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ. ತೆಗೆದ ಮೇಲೇ ಏನೆಂದು ಹೇಳಲು ಸಾಧ್ಯ ಎಂದಿದ್ದರು ಡಾಕ್ಟರು. ಆಪರೇಷನ್ ದಿನ ಗೊತ್ತಾದ ಕೂಡಲೇ ಫೋನ್ ಮಾಡಿದಳು. ಯಾವತ್ತೂ ಏನನ್ನೂ ಕೇಳದ ಅಕ್ಕ, "ಒಳಗೆ ಹೋಗೋಕೆ ಮುಂಚೆ ನಿನ್ನ ಮುಖ ನೋಡಿದ್ರೆ ಧೈರ್ಯ ಬರುತ್ತೆ ಕಣೇ" ಎಂದಳು. ಆಫೀಸಿನಲ್ಲಿ ಕಾಡಿ ಬೇಡಿ ಸಿಕ್ಕ ರಜದ ಲೆಕ್ಕದಲ್ಲಿ, ಆಪರೇಷನ್ ದಿನ ಬೆಳಗ್ಗೆ ಬೆಂಗಳೂರಲ್ಲಿ ಇಳಿದು, ಮಧ್ಯಾಹ್ನ ಅವಳನ್ನು ಒಳಗೆ ಕರೆದುಕೊಂಡು ಹೋಗುವುದರೊಳಗೆ ಮೈಸೂರು ಮುಟ್ಟಬೇಕಿತ್ತು. ಬೆಲ್ಟಿನ ಮುಂದೆ ಒಂದು ಕ್ಷಣವೂ ನಿಲ್ಲಬಾರದು. ಇರುವುದೆಲ್ಲ ನನ್ನ ಬೆನ್ನ ಮೇಲೆ ಇರಬೇಕು ಎಂದು ಆವತ್ತೇ ತೀರ್ಮಾನಿಸಿದೆ.

ತೀರ್ಮಾನ ಸುಲಭ, ಚೀಲ ಸುಲಭವಲ್ಲ. ವಿಮಾನದೊಳಗೆ ಒಯ್ಯಬಹುದಾದ ಚೀಲಕ್ಕೆ ಏಳು ಕಿಲೋ ಮಿತಿ. ಚಕ್ರದ ಪೆಟ್ಟಿಗೆ ಖಾಲಿಯಿದ್ದಾಗಲೇ ಮೂರು ಕಿಲೋ ತೂಗುತ್ತದೆ. ಸಾಲದ್ದಕ್ಕೆ ತಲೆಮೇಲಿನ ಗೂಡಿನಲ್ಲಿ ಜಾಗವಿಲ್ಲ ಎಂದಾಗ ವಿಮಾನದವರು ಮೊದಲು ಕಸಿದು ಕೆಳಗೆ ಹಾಕುವುದು ಚಕ್ರವಿರುವುದನ್ನೇ. ನನ್ನ ಎಡಗಡೆಯ ಭುಜವೋ, ಒಂದು ವರ್ಷದಿಂದ ಬಿಗಿದುಕೊಂಡು ಕೂತಿದೆ. ಭಾರವೆಲ್ಲ ಸೊಂಟದ ಮೇಲೆ ಬೀಳಬೇಕು, ಹೆಗಲ ಮೇಲಲ್ಲ ಎಂದು ಫಿಸಿಯೋ ಖಡಾಖಂಡಿತವಾಗಿ ಹೇಳಿದ್ದಳು. ಆದರೆ ಒಳ್ಳೆಯ ಸೊಂಟಪಟ್ಟಿ, ಬೆನ್ನಿಗೆ ಗಟ್ಟಿ ಚೌಕಟ್ಟು ಇರುವ ಚೀಲ ತಾನೇ ಎರಡು ಕಿಲೋ ತಿಂದುಬಿಡುತ್ತದೆ. ಹಗುರ ಚೀಲ ತಗೊಂಡರೆ ಭುಜ ಹೋಗುತ್ತದೆ, ಭುಜ ಉಳಿಸಿಕೊಂಡರೆ ಸೀರೆ ಹೋಗುತ್ತದೆ.

ನನ್ನ ಗಂಡ ಯೂಟ್ಯೂಬ್ ಹಾಕಿ ತೋರಿಸಿದರು. ಗಡ್ಡ ಬಿಟ್ಟ ಹುಡುಗರು ಒಂದೊಂದು ಚೀಲ ಹಿಡಿದು, ಇಷ್ಟರಲ್ಲೇ ನಾನು ಪ್ರಪಂಚ ಸುತ್ತುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದರು. ಒಳಗೆ ಮೂರು ಕಪ್ಪು ಟೀ ಶರ್ಟು, ಒಂದು ಹಲ್ಲುಜ್ಜುವ ಬ್ರಷ್ಷು. ಅಯ್ಯೋ ನಿಮ್ಮ ಮುಖಕ್ಕಿಷ್ಟು! ಆಸ್ಪತ್ರೆಯಲ್ಲಿ ಒಂದು ವಾರ ಅಕ್ಕನ ಹಾಸಿಗೆ ಪಕ್ಕ ನೆಲದ ಮೇಲೆ ಮಲಗುವವಳಿಗೆ ಹೊದೆಯಲು ಬೇಕು, ಉಡಲು ಬೇಕು, ಮನೆಗೆ ಬಂದ ನೆಂಟರ ಮುಂದೆ ನಿಲ್ಲಲು ಒಂದು ಮರ್ಯಾದೆಯ ಸೀರೆ ಬೇಕು. ನಿಮ್ಮ ಮೂರು ಟೀ ಶರ್ಟಿನ ಪ್ರಪಂಚದಲ್ಲಿ ಅದೆಲ್ಲಿದೆ?

ಎರಡನೇ ಸಲ ಅಂಗಡಿಗೆ ಹೋಗುವಾಗ ನಾನು ಬರಿಗೈಯಲ್ಲಿ ಹೋಗಲಿಲ್ಲ. ಮನೆಯಿಂದ ಒಂದೊಂದು ಕಿಲೋದ ಐದು ತೊಗರಿಬೇಳೆ ಪ್ಯಾಕೆಟ್ಟು ತಗೊಂಡು ಹೋದೆ. ಆ ಅಂಗಡಿಯವರು ತೂಕ ನೋಡಲು ಕೊಡುವ ಮರಳಿನ ದಿಂಬು ಚೀಲದ ತಳಕ್ಕೆ ಜಾರಿ ಕೂರುತ್ತದೆ. ಬೇಳೆ ಹಾಗಲ್ಲ, ಮಡಿಸಿದ ಬಟ್ಟೆಯಂತೆ ಪದರಪದರವಾಗಿ ಬೆನ್ನಿಗೆ ಒರಗಿ ನಿಲ್ಲುತ್ತದೆ. ಅದನ್ನು ತುಂಬಿಕೊಂಡು, ಅಂಗಡಿಯ ಮೆಟ್ಟಿಲು ಹತ್ತಿ ಇಳಿದೆ, ಬಗ್ಗಿದೆ, ಚೀಲ ಕಳಚಿ ತಲೆಯೆತ್ತರದ ಕಪಾಟಿಗೆ ಏರಿಸಿ ನೋಡಿದೆ. ಜೊತೆಗೆ ಬಂದಿದ್ದ ನನ್ನ ಮಗಳು ಇಲ್ಲೇ ಹುಟ್ಟಿದವಳು, ನಾಚಿಕೆಯಿಂದ ಸಾಯುತ್ತ "ಅಮ್ಮಾ, ಸ್ಟಾಪ್, ಎವರಿವನ್ ಈಸ್ ಲುಕಿಂಗ್" ಎಂದಳು. ನೋಡಲಿ ಬಿಡು ಎಂದೆ. ಹೊರುವವಳು ನಾನು.

ಕೊನೆಗೆ ಸಿಕ್ಕಿದ್ದು ಹೈಸ್ಕೂಲು ಮಕ್ಕಳ ಬೆಟ್ಟ ಹತ್ತುವ ಚೀಲ! ಬೆನ್ನಿನ ಉದ್ದಕ್ಕೆ ತಕ್ಕಂತೆ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದು, ಸೊಂಟಪಟ್ಟಿ ಸೊಂಟದ ಎಲುಬಿನ ಮೇಲೇ ಕೂರುತ್ತದೆ, ಎದೆಪಟ್ಟಿ ಕಳಚಿ ಬಿಸಾಕಬಹುದು, ಪೆಟ್ಟಿಗೆಯ ಹಾಗೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ತಳದಲ್ಲಿ ಶೂ ಇಡಲು ಒಂದು ಬೇರೆ ಗೂಡು. ತೂಕ ಒಂದು ಕಿಲೋಗೆ ಸ್ವಲ್ಪ ಹೆಚ್ಚು. ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವ ಕಿತ್ತಳೆ. ಹಾಳಾಗಲಿ ಎಂದು ತಂದೆ.

ಮನೆಯಲ್ಲಿ ಮೂರು ಸಲ ತುಂಬಿ, ಮೂರು ಸಲ ತೆಗೆದೆ. ಎರಡು ಸೀರೆ ಒಂದಾಯಿತು, ಶಾಲು ಮೈಮೇಲೇ ಇರಲಿ ಎಂದಾಯಿತು. ಅಕ್ಕನಿಗೆಂದು ಕೊಂಡಿದ್ದ ಉಣ್ಣೆಯ ಕಾಲುಚೀಲ ಮಾತ್ರ ತೆಗೆಯಲಿಲ್ಲ, ಅವಳ ಪಾದ ಯಾವಾಗಲೂ ತಣ್ಣಗಿರುತ್ತದೆ. ತೂಕದ ಕೊಕ್ಕೆಗೆ ನೇತುಹಾಕಿ ನೋಡಿದರೆ ಏಳಕ್ಕೆ ಕೂದಲೆಳೆ ಕಡಿಮೆ. ಶೂ ಗೂಡು ಖಾಲಿ ಬಿಟ್ಟೆ.

ಹೊರಡುವ ಹಿಂದಿನ ದಿನ ಎದುರು ಮನೆಯಾಕೆ ಬಂದರು. ಲ್ಯಾಪ್‌ಟಾಪಿನ ಮನೆಯವರೇ. "ಅಕ್ಕಂಗೆ ಹುಷಾರಿಲ್ವಂತೆ, ದೇವರಿದ್ದಾನೆ ಬಿಡಿ" ಎಂದರು. ಸೋಫಾದ ಮೇಲೆ ಕೂತರು, ಕಾಫಿ ಕುಡಿದರು, ಆಮೇಲೆ ಬಗಲಲ್ಲಿಟ್ಟಿದ್ದ ಪೊಟ್ಟಣ ಮೆಲ್ಲಗೆ ಮುಂದೆ ಬಂತು.

"ಪುಟ್ಟ ಪೊಟ್ಟಣ ಅಷ್ಟೇ. ನಮ್ಮ ಮೊಮ್ಮಗೂಗೆ ಸ್ವೆಟರ್ ಹೆಣೆದಿದ್ದೀನಿ."

"ಆಗಲ್ಲ. ಒಂದೇ ಚೀಲ ಒಯ್ತಾ ಇರೋದು, ತೂಕ ಮುಗಿದೋಗಿದೆ" ಎಂದೆ.

"ಅಯ್ಯೋ, ಗಾಳಿ ಹಂಗಿದೆ ರೀ ಇದು, ಮುಟ್ಟಿ ನೋಡಿ ಬೇಕಾದ್ರೆ."

"ಗಾಳಿನೂ ಒಯ್ಯಲ್ಲ ನಾನು."

ಅವರ ಮುಖ ಸಣ್ಣದಾಯಿತು. ನನಗೇನೂ ಅನ್ನಿಸಲಿಲ್ಲ. ಅವರನ್ನು ಬಾಗಿಲವರೆಗೂ ಬಿಟ್ಟುಬರಲು ನನ್ನ ಗಂಡ ಹೋದರು, ಸ್ವಲ್ಪ ಹೊತ್ತು ಮಾತಾಡಿಕೊಂಡು ನಿಂತಿದ್ದರು. ನಾನು ಒಳಗೆ ಲೋಟ ತೊಳೆಯುತ್ತಿದ್ದೆ.

ವಿಮಾನ ನಿಲ್ದಾಣದಲ್ಲಿ ಚೆಕ್‌ಇನ್ ಹುಡುಗಿ ನಗುತ್ತ ಚೀಲವನ್ನು ತಕ್ಕಡಿಯ ಮೇಲಿಡಲು ಹೇಳಿದಳು. ಎಂಟೂವರೆ! ತಕ್ಕಡಿ ಕೆಟ್ಟಿದೆ ಎಂದೆ. ಪಕ್ಕದ ತಕ್ಕಡಿಯಲ್ಲೂ ಎಂಟೂವರೆ. "ಚಿಂತೆ ಬೇಡ, ಇದನ್ನು ಕೆಳಗೆ ಕಳಿಸ್ತೀನಿ, ದುಡ್ಡೇನೂ ಬೇಡ. ಬೆಂಗಳೂರಲ್ಲೇ ಬೆಲ್ಟ್ ಮೇಲೆ ಸಿಗುತ್ತೆ, ನೀವು ಕೈ ಬೀಸಿಕೊಂಡು ಹೋಗಿ" ಎಂದು ಬಲು ಅಕ್ಕರೆಯಿಂದ ಹೇಳಿ, ಚೀಟಿ ಅಂಟಿಸಲು ಕೈ ಚಾಚಿದಳು. ನಾನು ಚೀಲವನ್ನು ಬಾಚಿ ತಬ್ಬಿಕೊಂಡೆ. ಹಿಂದೆ ನಿಂತಿದ್ದ ನನ್ನ ಗಂಡನ ಕಡೆ ತಿರುಗಿದರೆ, ಆ ಮನುಷ್ಯ ಚಾವಣಿ ನೋಡುತ್ತಿದ್ದರು.

ಶೂ ಗೂಡಿನ ಜಿಪ್ ಎಳೆದೆ. ಒಳಗಿತ್ತು, ಗಾಳಿ ಹಾಗಿರುವ ಪುಟ್ಟ ಪೊಟ್ಟಣ. ಸ್ವೆಟರಿನೊಳಗೆ ಸುತ್ತಿಟ್ಟ ಎರಡು ದೊಡ್ಡ ಚಾಕೊಲೇಟ್ ಡಬ್ಬ. ಬೆಂಗಳೂರಿನ ಸೆಖೆಯಲ್ಲಿ ಆ ಕೂಸಿಗೆ ಐರ್ಲೆಂಡಿನ ಉಣ್ಣೆ!

"ದೊಡ್ಡವರು ಕಣೇ, ಬಾಗಿಲಲ್ಲಿ ನಿಂತು ಕೈಗೆ ತುರುಕಿಬಿಟ್ರು. ಹೆಂಗೆ ಇಲ್ಲ ಅನ್ನೋದು?" ಎಂದರು ನನ್ನ ಗಂಡ.

"ಬಾಯಿ ಬಿಟ್ಟು ಅನ್ನೋದು! ಭಾವನ್ನ ನೋಡಕ್ಕೆ ಬಿಡಲಿಲ್ಲ ನಿಮ್ಮ ದಾಕ್ಷಿಣ್ಯ. ಈಗ ಅಕ್ಕನ್ನೂ ನೋಡೋದು ಬೇಡ್ವಾ ನಾನು? ಊರೋರಿಗೆಲ್ಲ ಒಳ್ಳೆಯವರು ನೀವು, ಅದನ್ನ ಹೊರೋ ಕತ್ತೆ ನಾನು! ತಗೊಳ್ಳಿ ಇದನ್ನ. ನೀವೇ ಹೋಗಿ, ಅವರ ಮನೆ ಬಾಗಿಲು ತಟ್ಟಿ, ಅವರ ಕೈಗೇ ವಾಪಸ್ ಕೊಡಿ. ನಾನು ಬರೋ ಅಷ್ಟರಲ್ಲಿ ಇದು ಮನೇಲಿದ್ರೆ ನೋಡಿ ಮತ್ತೆ!"

ನನ್ನ ದನಿ ಎಲ್ಲಿಯವರೆಗೆ ಕೇಳಿಸಿತೋ ಗೊತ್ತಿಲ್ಲ. ಸಾಲಿನಲ್ಲಿದ್ದ ಐರಿಷ್ ಅಜ್ಜಿಯೊಬ್ಬಳು ತನ್ನ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ನನ್ನ ಗಂಡ ಡಬ್ಬಗಳನ್ನೂ ಸ್ವೆಟರನ್ನೂ ಎದೆಗೆ ಅವುಚಿಕೊಂಡು ನಿಂತರು. ತಕ್ಕಡಿ ಮತ್ತೆ ಏಳಕ್ಕೆ ಇಳಿಯಿತು. ಆ ಹುಡುಗಿ ನನ್ನ ಮುಖ ನೋಡಲು ಹೆದರಿ, ಬೋರ್ಡಿಂಗ್ ಪಾಸ್ ಕೊಟ್ಟು ಕಳಿಸಿದಳು.

ದಾರಿಯುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ನಡುವೆ ವಿಮಾನ ಬದಲಿಸುವಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಬೇಕಾಯಿತು; ಓಡಿದೆ. ಚೀಲ ಸೊಂಟದ ಮೇಲೆ ಕದಲದೆ ಕೂತಿತ್ತು, ಭುಜ ಒಂದು ಸಲವೂ ಕೂಗಲಿಲ್ಲ. ಬೆಂಗಳೂರಲ್ಲಿ ಆ ಬೆಲ್ಟಿನ ಸುತ್ತ ಜನ ಮುಗಿಬಿದ್ದು ನಿಂತಿದ್ದರು. ನಾನು ಅವರ ಬೆನ್ನ ಹಿಂದೆಯೇ ಹಾದು, ನಿಲ್ಲದೆ, ಹೊರಗೆ ಬಂದು ಟ್ಯಾಕ್ಸಿ ಹತ್ತಿದೆ.

ಆಸ್ಪತ್ರೆಯ ರೂಮಿನಲ್ಲಿ ಅಕ್ಕ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದಳು. ಬಳೆ ತೆಗೆಸಿದ್ದರು, ಕೈ ಸಣ್ಣ ಕಾಣುತ್ತಿತ್ತು. ನನ್ನನ್ನು ನೋಡಿದಳು. ನನ್ನ ಹಿಂದೆ ಬಾಗಿಲ ಕಡೆಗೂ ನೋಡಿದಳು.

"ಲಗೇಜ್ ಎಲ್ಲೇ?"

"ಇಷ್ಟೇ."

"ಇಷ್ಟೇನಾ? ನನ್ನ ತಂಗಿ ಫಾರಿನ್ನಿಂದ ಬರ್ತಾಳೆ, ಚಾಕೊಲೇಟ್ ತರ್ತಾಳೆ ಅಂತ ನರ್ಸ್‌ಗಳಿಗೆಲ್ಲ ಹೇಳಿಟ್ಟಿದ್ನಲ್ಲೇ."

ಡಬ್ಲಿನ್‌ನಿಂದ ತಡೆದು ತಂದದ್ದೆಲ್ಲ ಅಲ್ಲಿಯೇ ಒಡೆಯಿತು. ಆಪರೇಷನ್ನಿಗೆ ಹೊರಟವಳು, ದೊಡ್ಡವಳು, ಯಾವುದೂ ತಲೆಗೆ ಬರಲಿಲ್ಲ. "ನಾನು ಬಂದಿದೀನಲ್ಲೇ ಅಕ್ಕ! ನಾನು! ಅಷ್ಟು ಸಾಲ್ದಾ ನಿಂಗೆ? ಚಾಕೊಲೇಟ್ ಬೇಕಾ?" ಎಂದು ಕಿರುಚಿದೆ. ಪಕ್ಕದ ಮಂಚದವರು ಪರದೆ ಸರಿಸಿ ನೋಡಿದರು.

ಅಕ್ಕ ಕೈ ಚಾಚಿ ನನ್ನ ಸೊಂಟದ ಪಟ್ಟಿಯನ್ನು ಹಿಡಿದು ಹತ್ತಿರ ಎಳೆದುಕೊಂಡಳು. ಆ ಕಿತ್ತಳೆ ಚೀಲವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಅವತ್ತೂ ಹಿಂಗೇ ಬರಬೇಕಿತ್ತು ಕಣೇ ನೀನು" ಎಂದಳು.

ಅಷ್ಟರಲ್ಲಿ ಗಾಲಿಕುರ್ಚಿ ತಂದರು. ಕಾಲುಚೀಲ ತೆಗೆದು ಅವಳ ಪಾದಕ್ಕೆ ಹಾಕಲು ಹೋದರೆ, ಒಳಗೆ ಬಿಡುವುದಿಲ್ಲ ಎಂದು ನರ್ಸ್ ತೆಗೆಸಿ ನನ್ನ ಕೈಗೆ ಕೊಟ್ಟಳು. ಥಿಯೇಟರಿನ ಬಾಗಿಲವರೆಗೂ ಅಕ್ಕ ನನ್ನ ಕೈ ಬಿಡಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಬೆಂಚಿನ ಮೇಲೆ ಕೂರಲು ಹೋದಾಗ ಗೊತ್ತಾಯಿತು, ಚೀಲ ಇನ್ನೂ ನನ್ನ ಬೆನ್ನ ಮೇಲೇ ಇತ್ತು.